‘ಗಿಂತ’ದ ಪಾಠ: ಕನ್ನಡ ಶಾಲಾವ್ಯಾಕರಣದಲ್ಲಿ ಹೋಲಿಕೆಯ ಚರಿತ್ರೆ

ಬೆಂಗಳೂರಿನ ಕನಕಪುರ ರಸ್ತೆಯ ಮೇಲೆ 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಿಸಿದ ಮೆಟ್ರೊ ಮಾರ್ಗದಲ್ಲಿ ತಲಘಟ್ಟಪುರಕ್ಕೆ ಎರಡು ನಿಲ್ದಾಣ ಮೊದಲು ದೊಡ್ಡಕಲ್ಲಸಂದ್ರ ಸಿಗುತ್ತದೆ. ಉತ್ತರಹಳ್ಳಿಯ ಕಡೆಗೆ ಹೋದರೆ ಚಿಕ್ಕಕಲ್ಲಸಂದ್ರವಿದೆ. ಜನರ ಬಾಯಲ್ಲಿ ಅದು ಚಿಕ್ಕಲ್ಲಸಂದ್ರ. ದೊಡ್ಡಬಳ್ಳಾಪುರ–ಚಿಕ್ಕಬಳ್ಳಾಪುರ, ಹಾವೇರಿ ಜಿಲ್ಲೆಯ ಹಿರೇಕೆರೂರು–ಚಿಕ್ಕೇರೂರು ಇವೂ ಇದೇ ಬಗೆಯ ಜೋಡಿಗಳು. ಇಂಥ ಹೆಸರುಗಳಲ್ಲಿ ಹೋಲಿಕೆಯಿದೆ, ಹೋಲಿಕೆಯ ಪ್ರತ್ಯಯವಿಲ್ಲ. ಎರಡು ಊರುಗಳಿರುವುದರಿಂದಲೇ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ದೊಡ್ಡಪ್ಪ–ಚಿಕ್ಕಪ್ಪ, ಹಿರಿಮಗ–ಕಿರಿಮಗ ಎಂಬ ಬಂಧುವಾಚಕಗಳ ನಡೆಯೂ ಅದೇ. ಚಿಕ್ಕಪ್ಪ ಆಳೆತ್ತರದಲ್ಲಿ ದೊಡ್ಡಪ್ಪನನ್ನು ಮೀರಿಸಿದರೂ ಚಿಕ್ಕಪ್ಪನೇ. ಇಲ್ಲಿ ‘ದೊಡ್ಡ’ ಎಂಬುದು ಗುಣವನ್ನು ಹೇಳುತ್ತಿಲ್ಲ, ಒಂದು ಶ್ರೇಣಿಯೊಳಗಿನ ಸ್ಥಾನವನ್ನು ಹೇಳುತ್ತಿದೆ.

ಹೋಲಿಕೆಯನ್ನು ಹೀಗೆ ನಿರಾಯಾಸವಾಗಿ ನಡೆಸುವ ಭಾಷೆಯ ಮಕ್ಕಳಿಗೆ ಶಾಲೆಯಲ್ಲಿ ಮೂರು ಮನೆಗಳ ಒಂದು ಪಟ್ಟಿಯನ್ನು ಕೊಡಲಾಗುತ್ತದೆ: ದೊಡ್ಡದು, ಹೆಚ್ಚು ದೊಡ್ಡದು, ಅತಿ ದೊಡ್ಡದು. ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ವಿವರಿಸುವ ಕೈಪಿಡಿಗಳಲ್ಲಿ ಇದು ಅನುವಾದವಾಗಿ ಕಾಣಿಸಿಕೊಳ್ಳುತ್ತದೆ; ಅಲ್ಲಿಂದ ಕನ್ನಡದ್ದೇ ನಿಯಮವೆಂಬಂತೆ ನೆಲೆಯೂರುತ್ತದೆ. ಎರಡು ಬಳಪಗಳನ್ನು ಕೈಯಲ್ಲಿ ಹಿಡಿದ ಯಾವ ಕನ್ನಡ ಮಗುವೂ ‘ಇದು ಹೆಚ್ಚು ದೊಡ್ಡದು’ ಎನ್ನುವುದಿಲ್ಲ. ‘ಇದು ಅದಕ್ಕಿಂತ ದೊಡ್ಡದು’ ಎನ್ನುತ್ತದೆ. ಜಗಳಕ್ಕೆ ನಿಂತರೆ ‘ನಂದೇ ದೊಡ್ಡದು’ ಎನ್ನುತ್ತದೆ. ಮಗು ಆಡುವ ಈ ಎರಡು ವಾಕ್ಯಗಳಿಗೂ ಆ ಪಟ್ಟಿಯಲ್ಲಿ ಮನೆಯಿಲ್ಲ. ಪಟ್ಟಿ ಎಲ್ಲಿಂದ ಬಂತು, ಮಗುವಿನ ವಾಕ್ಯಗಳು ಏಕೆ ಹೊರಗುಳಿದವು ಎಂಬುದನ್ನು ನಾವು ಈ ಲೇಖನದಲ್ಲಿ ಚಾರಿತ್ರಿಕವಾಗಿ ನೋಡಬಯಸುತ್ತೇವೆ.

ಸಂಸ್ಕೃತದಲ್ಲಿ ಹೋಲಿಕೆ ಎರಡು ಕಡೆ ಗುರುತಾಗುತ್ತದೆ: ಗುಣವಾಚಕದ ಮೇಲೆ ಮತ್ತು ಹೋಲಿಕೆಗೆ ಆಧಾರವಾದ ನಾಮಪದದ ಮೇಲೆ. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ (5.3.55, 5.3.57) ಅತಿಶಯಾರ್ಥದ ತದ್ಧಿತ ಪ್ರತ್ಯಯಗಳಿವೆ. ಹಲವರಲ್ಲಿ ಒಬ್ಬನ ಅತಿಶಯಕ್ಕೆ ‘ತಮ’ ಮತ್ತು ‘ಇಷ್ಠ’, ಇಬ್ಬರಲ್ಲಿ ಒಬ್ಬನ ಅತಿಶಯಕ್ಕೆ ‘ತರ’ ಮತ್ತು ‘ಈಯಸ್’. ಎರಡನೆಯ ಅಧ್ಯಾಯದ ವಿಭಕ್ತಿಪ್ರಕರಣದಲ್ಲಿ ಇನ್ನೊಂದು ವಿಚಾರ ಬರುತ್ತದೆ. ಗುಂಪಿನೊಳಗಿರುವ ಒಂದನ್ನು ಅದೇ ಗುಂಪಿನಿಂದ ಬೇರೆಯಾಗಿ ಎತ್ತಿ ತೋರಿಸುವುದು ನಿರ್ಧಾರಣ, ಅಲ್ಲಿ ಷಷ್ಠಿ ಅಥವಾ ಸಪ್ತಮಿ (2.3.41). ಹೋಲಿಸಲ್ಪಡುವ ಎರಡೂ ಒಂದಕ್ಕೊಂದು ಪೂರ್ತಿ ಹೊರಗಿದ್ದರೆ ಪಂಚಮಿ (2.3.42).

ಕನ್ನಡಕ್ಕೆ ಸಂಬಂಧಿಸಿದಂತೆ ಈ ಎರಡು ಭಾಗಗಳ ಭಾಗ್ಯ ಬೇರೆಬೇರೆಯಾಯಿತು. ಮೊದಲನೆಯದಕ್ಕೆ, ಅಂದರೆ ಗುಣವಾಚಕಕ್ಕೆ ಹತ್ತುವ ಪ್ರತ್ಯಯಕ್ಕೆ, ಕನ್ನಡದಲ್ಲಿ ಪ್ರತಿರೂಪವೇ ಇಲ್ಲ. ಎರಡನೆಯದು ಮಾತ್ರ ಕನ್ನಡದ ರಚನೆಗೆ ಅಚ್ಚುಕಟ್ಟಾಗಿ ಒಪ್ಪುತ್ತದೆ. ‘ಈ ಮರ ಆ ಮರಕ್ಕಿಂತ ಎತ್ತರ’ ಎಂಬಲ್ಲಿ ಎರಡು ಮರಗಳು ಪರಸ್ಪರ ಹೊರಗಿವೆ. ‘ಈ ತೋಪಿನ ಮರಗಳಲ್ಲಿ ಇದೇ ಎತ್ತರ’ ಎಂಬಲ್ಲಿ ಮರವು ಗುಂಪಿನ ಒಳಗಿದೆ, ಆದ್ದರಿಂದ ಸಪ್ತಮಿ. ಅಂದರೆ ಕನ್ನಡದ ಹೋಲಿಕೆಯನ್ನು ವಿವರಿಸಲು ಬೇಕಾದ ಸಲಕರಣೆ ಭಾರತೀಯ ವ್ಯಾಕರಣಪರಂಪರೆಯಲ್ಲಿ ಆಗಲೇ ಸಿದ್ಧವಾಗಿತ್ತು; ಅದು ತದ್ಧಿತಪ್ರಕರಣದಲ್ಲಿ ಅಲ್ಲ, ವಿಭಕ್ತಿಯ ವಿಚಾರದಲ್ಲಿ ಇತ್ತು. ನಮ್ಮ ವಾದದ ತಿರುಳು ಇದೇ ಆಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣವನ್ನು ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಮೊದಲಾದ ಪ್ರಕರಣಗಳಾಗಿ ವಿಂಗಡಿಸಿದನು. ಆ ಪಟ್ಟಿಯಲ್ಲಿ ಗುಣವಾಚಕಗಳ ಅವಸ್ಥೆಗಳಿಗೆಂದು ಪ್ರತ್ಯೇಕ ಪ್ರಕರಣವಿಲ್ಲ. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಭಾಷೆಯಲ್ಲಿ ಇಲ್ಲದ ಪ್ರತ್ಯಯಕ್ಕೆ ಪ್ರಕರಣ ಬೇಕಿರಲಿಲ್ಲ. 1604ರಲ್ಲಿ ಭಟ್ಟಾಕಳಂಕ ಕನ್ನಡದ ವ್ಯಾಕರಣವನ್ನೇ ಸಂಸ್ಕೃತ ಸೂತ್ರಗಳಲ್ಲಿ ಬರೆದಾಗಲೂ ಕನ್ನಡದ ಗುಣವಾಚಕಗಳಿಗೆ ಮೂರು ಅವಸ್ಥೆಗಳು ಹುಟ್ಟಿಕೊಳ್ಳಲಿಲ್ಲ. ಹಳಗನ್ನಡದಲ್ಲಿ ಹೋಲಿಕೆಯ ಆಧಾರ ‘ಇಂ’, ‘ಇಂದಂ’ ಪ್ರತ್ಯಯಗಳಿಂದ ಬರುತ್ತಿತ್ತು: ಅದಱಿಂ ಪಿರಿದು. ತೊಲ್ಕಾಪ್ಪಿಯಂ ತಮಿಳಿನ ಐದನೆಯ ವಿಭಕ್ತಿಯಾದ ‘ಇನ್’ ಅನ್ನು ವಿವರಿಸುವಾಗ ಹೋಲಿಕೆಯ ಅರ್ಥವನ್ನೇ ಮುಂದಿಡುತ್ತದೆ. ದ್ರಾವಿಡದ ದಕ್ಷಿಣ ಶಾಖೆಯಲ್ಲಿ ಹೋಲಿಕೆಯೆಂಬುದು ಮೊದಲಿಂದಲೂ ವಿಭಕ್ತಿಯ ಕೆಲಸವಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

ಹೊಸಗನ್ನಡದ ‘ಗಿಂತ’ದ ರಚನೆಯ ಬಗೆಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಶಾಲೆಯಲ್ಲಿ ‘ಗಿಂತ’ವನ್ನು ಒಂದು ಅವ್ಯಯವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ನನಗೆ–ನನಗಿಂತ, ಅವನಿಗೆ–ಅವನಿಗಿಂತ, ಅದಕ್ಕೆ–ಅದಕ್ಕಿಂತ, ಮರಕ್ಕೆ–ಮರಕ್ಕಿಂತ ಎಂಬ ಸಾಲನ್ನು ನೋಡಿದರೆ ‘ಗ’ಕಾರ ಮತ್ತು ‘ಕ್ಕ’ಕಾರಗಳು ಚತುರ್ಥಿಯವು ಎಂಬುದು ತಾನೇ ತೋರುತ್ತದೆ. ಉಳಿಯುವುದು ‘ಇಂತ’, ಅದು ಹಳಗನ್ನಡದ ‘ಇಂ’, ‘ಇಂದಂ’ಗಳ ನಂಟಿನದೆಂದೇ ಕಾಣುತ್ತದೆ. ಲಿಯೋನ್ ಸ್ಟಾಸನ್ 1985ರಲ್ಲಿ ಜಗತ್ತಿನ ಭಾಷೆಗಳ ಹೋಲಿಕೆಯ ರಚನೆಗಳನ್ನು ವರ್ಗೀಕರಿಸಿದಾಗ ‘ಕಡೆಯಿಂದ’ ಎಂಬ ಅರ್ಥದ ಗುರುತನ್ನು ಬಳಸುವ ಭಾಷೆಗಳನ್ನೂ ‘ಕಡೆಗೆ’ ಎಂಬ ಅರ್ಥದ ಗುರುತನ್ನು ಬಳಸುವ ಭಾಷೆಗಳನ್ನೂ ಬೇರೆಬೇರೆಯಾಗಿ ಇರಿಸಿದರು. ಕನ್ನಡದ ‘ಗಿಂತ’ದಲ್ಲಿ ಇವೆರಡೂ ಒಂದರ ಮೇಲೊಂದು ಕೂತಿವೆ. ಹತ್ತು ವರ್ಷದ ಮಗುವಿಗೆ ಈ ಸಿದ್ಧಾಂತ ಬೇಡ. ಆದರೆ ‘ಮೊದಲು –ಗೆ, –ಕ್ಕೆ ಹಚ್ಚು, ಆಮೇಲೆ –ಇಂತ’ ಎಂಬ ಒಂದು ಸೂಚನೆ ಸಿಕ್ಕರೆ ‘ಮರಗಿಂತ’, ‘ಅದುಗಿಂತ’ ಎಂಬ ರೂಪಗಳು ಬರವಣಿಗೆಯಲ್ಲಿ ಉಳಿಯಲಾರವು. ಶಾಲಾವ್ಯಾಕರಣ ಕೊಡಬಹುದಾಗಿದ್ದ ನಿಜವಾದ ಪಾಠ ಇದಾಗಿತ್ತು.

ಮೂರು ಅವಸ್ಥೆಗಳ ಪಟ್ಟಿಯ ಮೂಲ ಲ್ಯಾಟಿನ್ ವ್ಯಾಕರಣದಲ್ಲಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಶಾಲೆಯ ಅಧಿಕಾರ ದೊರೆತದ್ದು ರಾಬರ್ಟ್ ಲೌತ್ (1762) ಮತ್ತು ಲಿಂಡ್ಲೆ ಮರ್ರೆ (1795) ಅವರ ವ್ಯಾಕರಣಗಳಿಂದ. ‘ಮೋರ್ ಟಾಲರ್’ ಮಾದರಿಯ ಇಮ್ಮಡಿ ರೂಪಗಳು ಶೇಕ್ಸ್‌ಪಿಯರನ ಕಾಲದಲ್ಲಿ ಧಾರಾಳವಾಗಿ ಚಲಾವಣೆಯಲ್ಲಿದ್ದವು; ಲೌತ್ ಅವನ್ನು ಅಶುದ್ಧವೆಂದು ತಳ್ಳಿಹಾಕಿದರು. ನಮ್ಮ ಮಕ್ಕಳ ಇಂಗ್ಲಿಷ್ ಪುಸ್ತಕಗಳಲ್ಲಿ ಇಂದಿಗೂ ಕೆಂಪು ಶಾಯಿ ಬೀಳುವುದು ಆ ತೀರ್ಪಿನ ಬಲದಿಂದ.

ಈ ಚೌಕಟ್ಟನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಪಾಶ್ಚಾತ್ಯರು ಕನ್ನಡಕ್ಕೆ ವ್ಯಾಕರಣ ಬರೆದರು: ಸಿರಾಂಪುರದಲ್ಲಿ ವಿಲಿಯಂ ಕೇರಿ (1817), ಮದರಾಸಿನಲ್ಲಿ ಜಾನ್ ಮೆಕೆರೆಲ್ (1820), ಬೆಂಗಳೂರಿನಲ್ಲಿ ಥಾಮಸ್ ಹಾಡ್ಸನ್ (1859), ಮಂಗಳೂರಿನಲ್ಲಿ ಕಿಟೆಲ್ (1903), ಅನಂತರ ಹೆರಾಲ್ಡ್ ಸ್ಪೆನ್ಸರ್ (1914). ಈ ಗ್ರಂಥಗಳ ಓದುಗ ಕನ್ನಡದ ಮಗುವಲ್ಲ; ಕನ್ನಡ ಕಲಿಯಬೇಕಾದ ವಯಸ್ಕ ಪರಭಾಷಿಕ. ‘ನನ್ನ ಭಾಷೆಯ ಈ ರೂಪಕ್ಕೆ ಇಲ್ಲಿ ಏನು ಹೇಳಬೇಕು?’ ಎಂಬುದು ಅವನ ಪ್ರಶ್ನೆ, ಅದು ನ್ಯಾಯವಾದದ್ದೇ. ಈ ಗ್ರಂಥಕರ್ತರ ಮೇಲೆ ಲ್ಯಾಟಿನ್ ಅಚ್ಚನ್ನು ಹೇರಿದರೆಂಬ ಆಪಾದನೆಯನ್ನು ಹೊರಿಸುವುದು ಈಚೆಗೆ ಸುಲಭವಾಗಿದೆ. ಹೋಲಿಕೆಯ ವಿಷಯದಲ್ಲಾದರೂ ಆ ಆಪಾದನೆ ಅಷ್ಟು ಸಲ್ಲದು. 1856ರಲ್ಲೇ ಕಾಲ್ಡ್‌ವೆಲ್ಲರು ದ್ರಾವಿಡ ಭಾಷೆಗಳಲ್ಲಿ ಹೋಲಿಕೆಯು ಗುಣವಾಚಕಕ್ಕೆ ಪ್ರತ್ಯಯ ಹಚ್ಚುವುದರಿಂದ ಆಗುವುದಿಲ್ಲವೆಂದೂ, ಈ ವಿಷಯದಲ್ಲಿ ಅವು ಸೆಮಿಟಿಕ್ ಭಾಷೆಗಳನ್ನು ಹೋಲುತ್ತವೆಂದೂ ಖಚಿತವಾಗಿ ಬರೆದಿದ್ದರು. ಅವರಿಗೆ ತಿಳಿದಿದ್ದ ಈ ಸಂಗತಿ ನಮ್ಮ ಶಾಲೆಯ ಕರಿಹಲಗೆಗೆ ಮಾತ್ರ ಇಳಿಯಲಿಲ್ಲ.

ಏಕೆ ಇಳಿಯಲಿಲ್ಲ? ಮೈಸೂರು ಸಂಸ್ಥಾನದಲ್ಲಿ 1868ರಿಂದ ಬಿ. ಎಲ್. ರೈಸರ ಯೋಜನೆಯಂತೆ ಹೋಬಳಿಗೊಂದರಂತೆ ಶಾಲೆಗಳು ತೆರೆಯತೊಡಗಿದವು. ಇಂದಿನ ತಲಘಟ್ಟಪುರ ಸೇರಿರುವ ಉತ್ತರಹಳ್ಳಿಯೂ ಒಂದು ಹೋಬಳಿಯೇ. ಶಾಲೆಗೆ ಕನ್ನಡದಲ್ಲೇ ಬರೆದ ವ್ಯಾಕರಣ ಬೇಕಾಯಿತು. ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ (1838) ಆಗಲೇ ಇತ್ತು. ಶಬ್ದಮಣಿದರ್ಪಣ 1872ರಲ್ಲಿ ಕಿಟೆಲರ ಸಂಪಾದನೆಯಲ್ಲಿಯೂ, ಭಟ್ಟಾಕಳಂಕನ ಶಬ್ದಾನುಶಾಸನ 1890ರಲ್ಲಿ ಅದೇ ರೈಸರ ಸಂಪಾದನೆಯಲ್ಲಿಯೂ ಅಚ್ಚಾದವು. ಹಳೆಯ ಗ್ರಂಥಗಳು ಹೀಗೆ ಕೈಗೆ ಸಿಕ್ಕಿದ್ದರಿಂದ ಶಾಲಾವ್ಯಾಕರಣ ಅವುಗಳ ಪ್ರಕರಣಕ್ರಮವನ್ನೇ ಮುಖ್ಯವಾಗಿ ಹಿಡಿಯಿತು: ಸಂಧಿ, ಸಮಾಸ, ವಿಭಕ್ತಿ, ಧಾತು. ತೀ. ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ದಂಥ ಸಮರ್ಥ ಕೃತಿಯೂ ಈ ಕ್ರಮದ ಒಳಗೇ ನಿಂತು ಹೊಸಗನ್ನಡಕ್ಕೆ ಜಾಗ ಮಾಡಿಕೊಡಬೇಕಾಯಿತು. ಹೋಲಿಕೆಗೆ ಹಳೆಯ ಕ್ರಮದಲ್ಲಿ ಪ್ರಕರಣವಿರಲಿಲ್ಲ. ಆದ್ದರಿಂದ ಕನ್ನಡದ ಪಾಠದಲ್ಲಿ ಅದಕ್ಕೆ ಗಂಟೆಯಿರಲಿಲ್ಲ. ಗಂಟೆಯಿದ್ದದ್ದು ಇಂಗ್ಲಿಷ್ ಪಾಠದಲ್ಲಿ. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ಪ್ರೌಢಶಾಲಾ ವ್ಯಾಕರಣ ಒಂದು ಅವಸ್ಥೆಯ ವಾಕ್ಯವನ್ನು ಇನ್ನೊಂದಕ್ಕೆ ತಿರುಗಿಸುವ ಅಭ್ಯಾಸವನ್ನು ಭಾರತದುದ್ದಕ್ಕೂ ಪರೀಕ್ಷೆಯ ಪ್ರಶ್ನೆಯಾಗಿಸಿತು. ನಮ್ಮ ಎಸ್‌ಎಸ್‌ಎಲ್‌ಸಿ ಓದಿದ ಬಹುಮಂದಿಗೆ ಹೋಲಿಕೆಯೆಂದರೆ ನೆನಪಾಗುವುದು ಆ ಒಂದು ಅಂಕದ ಪ್ರಶ್ನೆ.

ಹಿಂದಿಯ ಪಾಠ ಇದಕ್ಕೆ ಬೆಂಬಲವಾಯಿತು. ಹಿಂದಿ ವ್ಯಾಕರಣಗಳಲ್ಲಿ ಮೂಲಾವಸ್ಥೆ, ಉತ್ತರಾವಸ್ಥೆ, ಉತ್ತಮಾವಸ್ಥೆ ಎಂಬ ಹೆಸರುಗಳಿವೆ. ‘ಉತ್ತರ’ ಮತ್ತು ‘ಉತ್ತಮ’ಗಳು ‘ಉದ್’ ಎಂಬುದಕ್ಕೆ ತರ, ತಮ ಹತ್ತಿ ಆದವು. ಪಾರಿಭಾಷಿಕ ಪದವೇ ತನ್ನ ಉದಾಹರಣೆಯಾಗಿರುವ ಅಪರೂಪದ ಸಂದರ್ಭವಿದು. ಹಿಂದಿಯ ಆಡುಮಾತಿನ ಹೋಲಿಕೆಯೂ ಕನ್ನಡದಂತೆ ‘ಸೇ’ ಎಂಬ ವಿಭಕ್ತಿಯಿಂದಲೇ ಆಗುತ್ತದೆಂಬುದು ಬೇರೆ ಮಾತು.

ತರ–ತಮಗಳು ಕನ್ನಡಕ್ಕೆ ಬಾರದೆ ಇರಲಿಲ್ಲ. ಬಂದದ್ದು ಬೇರೆ ಬಾಗಿಲಿನಿಂದ. ಈ ಎರಡು ಪ್ರತ್ಯಯಗಳ ಹೆಸರುಗಳನ್ನು ಜೋಡಿಸಿದ ‘ತರತಮ’ದಿಂದ ‘ತಾರತಮ್ಯ’ ಆಯಿತು. ಮಧ್ವಮತದಲ್ಲಿ ಅದು ದೇವತೆಗಳ ಮತ್ತು ಜೀವರ ನಡುವಿನ ಶ್ರೇಣಿಯನ್ನು ಹೇಳುವ ಸಿದ್ಧಾಂತಪದ. ಜಗನ್ನಾಥದಾಸರ ‘ಹರಿಕಥಾಮೃತಸಾರ’ದಲ್ಲಿ ತಾರತಮ್ಯದ ಹೆಸರಿನ ಸಂಧಿಗಳೇ ಇವೆ. ಇಂದಿನ ಕನ್ನಡದಲ್ಲಾದರೋ ‘ಲಿಂಗ ತಾರತಮ್ಯ’, ‘ಜಾತಿ ತಾರತಮ್ಯ’ ಎಂದರೆ ಅನ್ಯಾಯದ ಭೇದಭಾವ. ವ್ಯಾಕರಣದ ಪ್ರತ್ಯಯವೊಂದು ತತ್ತ್ವಶಾಸ್ತ್ರದ ಮೂಲಕ ಹಾದು ಸಂವಿಧಾನದ ನುಡಿಗೆ ಬಂದ ಈ ದಾರಿಯಲ್ಲಿ ಅರ್ಥ ತಲೆಕೆಳಗಾಗಿದೆ. ಹೋಲಿಕೆಯ ಪಾಠಕ್ಕೆ ‘ತರತಮಭಾವ’ ಎಂದು ತಲೆಬರಹ ಕೊಡುವ ಶಿಕ್ಷಕರು ಮುಂದಿರುವ ಮಕ್ಕಳಿಗೆ ಆ ಪದದ ಯಾವ ಅರ್ಥ ಮೊದಲು ಹೊಳೆಯುತ್ತದೆಂದು ಯೋಚಿಸಬೇಕು. ಅಷ್ಟೇ ಅಲ್ಲ, ಉದಾಹರಣೆಗಾಗಿ ತರಗತಿಯ ಇಬ್ಬರು ಹುಡುಗಿಯರನ್ನು ನಿಲ್ಲಿಸಿ ಮೈಬಣ್ಣವನ್ನು ಹೋಲಿಸುವ ಪದ್ಧತಿ ನಮ್ಮಲ್ಲಿ ಪೂರ್ತಿ ಅಳಿದಿಲ್ಲ. ಬಳಪ, ಕೋಲು, ಹುಣಸೆ ಬೀಜದ ಗುಪ್ಪೆ ಇವು ಯಾವಾಗಲೂ ಕೈಗೆಟುಕುವಂತಿವೆ.

ಸಂಸ್ಕೃತದ ಸಿದ್ಧರೂಪಗಳು ಕನ್ನಡದಲ್ಲಿ ತಮ್ಮ ಅವಸ್ಥೆಯನ್ನು ಕಳೆದುಕೊಂಡವು. ‘ಉತ್ತಮ’ ಈಗ ಬರಿಯ ‘ಒಳ್ಳೆಯ’. ಆದ್ದರಿಂದಲೇ ‘ಅದಕ್ಕಿಂತ ಉತ್ತಮ’, ‘ಅತ್ಯುತ್ತಮ’. ‘ಶ್ರೇಷ್ಠ’ದಲ್ಲಿ ‘ಇಷ್ಠ’ ಇದ್ದರೂ ‘ಅತ್ಯಂತ ಶ್ರೇಷ್ಠ’ ಎನ್ನದೆ ನಮಗೆ ತೃಪ್ತಿಯಿಲ್ಲ. ಇದನ್ನು ತಪ್ಪೆಂದು ತಿದ್ದುವವರು ‘ಶ್ರೇಷ್ಠತಮ’ ಎಂಬ ಇಮ್ಮಡಿ ರೂಪ ವೈದಿಕ ಸಂಸ್ಕೃತದಲ್ಲೇ ಇದೆಯೆಂಬುದನ್ನು ನೆನೆಯುವುದು ಒಳಿತು. ಈ ರೂಪಗಳು ತಮ್ಮ ನಿಜವಾದ ಅವಸ್ಥೆಯನ್ನು ಉಳಿಸಿಕೊಂಡಿರುವುದು ಗಣಿತದಲ್ಲಿ ಮತ್ತು ಹವಾಮಾನದ ವರದಿಯಲ್ಲಿ: ಲಘುತಮ ಸಾಮಾನ್ಯ ಅಪವರ್ತ್ಯ, ಮಹತ್ತಮ ಸಾಮಾನ್ಯ ಅಪವರ್ತನ, ಗರಿಷ್ಠ ತಾಪಮಾನ, ಕನಿಷ್ಠ ತಾಪಮಾನ. ಆದರೆ ಕನ್ನಡ ಮಾಧ್ಯಮದ ಮಗುವಿಗೆ ಇವು ‘ಲ.ಸಾ.ಅ.’, ‘ಮ.ಸಾ.ಅ.’ ಎಂಬ ಅಕ್ಷರಗಳಾಗಿಯೇ ಪರಿಚಯ. ‘ತಮ’ ಎಂದರೇನೆಂದು ಗಣಿತದ ಶಿಕ್ಷಕರು ಹೇಳುವುದಿಲ್ಲ, ಅದು ಕನ್ನಡದ ಕೆಲಸವೆಂದು. ಕನ್ನಡದ ಶಿಕ್ಷಕರು ಹೇಳುವುದಿಲ್ಲ, ಅದು ಗಣಿತದ ಪದವೆಂದು.

ಹೋಲಿಕೆಯನ್ನು ನಿಜವಾಗಿ ಕಲಿಸುತ್ತ ಬಂದಿರುವುದು ಗಣಿತದ ಪಾಠವೇ. ಉದ್ದ–ಗಿಡ್ಡ, ದಪ್ಪ–ತೆಳು, ಹೆಚ್ಚು–ಕಡಿಮೆ, ಏರಿಕೆ ಕ್ರಮ–ಇಳಿಕೆ ಕ್ರಮ ಇವು ಸಂಖ್ಯಾಪೂರ್ವ ಪರಿಕಲ್ಪನೆಗಳೆಂಬ ಹೆಸರಿನಲ್ಲಿ ಮೊದಲ ತರಗತಿಯಲ್ಲೇ ಬರುತ್ತವೆ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ಆಮೇಲೆ ರಾಜ್ಯವ್ಯಾಪಿಯಾದ ನಲಿ-ಕಲಿಯ ಚಟುವಟಿಕೆಗಳಲ್ಲಿ ಮಗು ವಸ್ತುಗಳನ್ನು ಕೈಯಿಂದ ಜೋಡಿಸಿ ನೋಡುತ್ತದೆ. ಪಿಯಾಜೆ ಮತ್ತು ಸೆಮಿನ್ಸ್ಕಾ 1941ರಲ್ಲಿ ತೋರಿಸಿದಂತೆ ಕೋಲುಗಳನ್ನು ಸಾಲಾಗಿ ಜೋಡಿಸುವ ಸಾಮರ್ಥ್ಯ ಸುಮಾರು ಏಳರ ವಯಸ್ಸಿಗೆ ಸ್ಥಿರವಾಗುತ್ತದೆ. ಸಾಲಿನ ನಡುವಿನ ಕೋಲು ಒಂದಕ್ಕಿಂತ ಉದ್ದ, ಇನ್ನೊಂದಕ್ಕಿಂತ ಗಿಡ್ಡ ಎಂಬುದು ಅಲ್ಲಿಯವರೆಗೆ ಮಗುವಿಗೆ ಕಷ್ಟ. ಡೊನಾಲ್ಡ್‌ಸನ್ ಮತ್ತು ಬಾಲ್ಫರ್ 1968ರಲ್ಲಿ ನಾಲ್ಕರ ಒಳಗಿನ ಇಂಗ್ಲಿಷ್ ಮಕ್ಕಳು ‘ಕಡಿಮೆ’ ಎಂಬರ್ಥದ ಪದವನ್ನು ‘ಹೆಚ್ಚು’ ಎಂಬಂತೆಯೇ ಗ್ರಹಿಸುತ್ತಾರೆಂದು ವರದಿ ಮಾಡಿದರು. ಇವೆರಡೂ ‘ಗಿಂತ’ದ ಪಾಠಕ್ಕೆ ನೇರವಾಗಿ ಸಂಬಂಧಿಸಿದ ವಿಚಾರಗಳು. ‘ಗಿಂತ’ ಇರುವ ವಾಕ್ಯದಲ್ಲಿ ಆಧಾರವನ್ನು ಬಾಯಿಬಿಟ್ಟು ಹೇಳಲೇಬೇಕು. ಯಾವುದಕ್ಕಿಂತ ಎಂಬ ಪ್ರಶ್ನೆಯಿಂದ ಮಗು ತಪ್ಪಿಸಿಕೊಳ್ಳಲಾಗದು. ‘ಹೆಚ್ಚು ದೊಡ್ಡದು’ ಎಂಬಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಅನುವಾದದ ಪಟ್ಟಿ ಕನ್ನಡದ ಸೊಗಡನ್ನು ಕೆಡಿಸುತ್ತದೆಂಬುದಕ್ಕಿಂತ ಗಂಭೀರವಾದ ಆಕ್ಷೇಪ ಇದು: ಹೋಲಿಕೆಯೆಂಬ ಸಂಬಂಧವನ್ನು ಅದು ಮತ್ತೆ ಗುಣವಾಗಿಸಿಬಿಡುತ್ತದೆ.

‘ಅತಿ’ಯ ಮಾತೂ ಇದೆ. ಅತಿಯಾದರೆ ಅಮೃತವೂ ವಿಷ ಎಂಬಲ್ಲಿ ಅದು ಮಿತಿ ಮೀರಿದ್ದನ್ನು ಹೇಳುತ್ತದೆ, ಎಲ್ಲಕ್ಕಿಂತ ಮೇಲಿರುವುದನ್ನಲ್ಲ. ಕನ್ನಡದಲ್ಲಿ ಪರಮಾವಧಿಗೆ ಸಹಜವಾದ ದಾರಿಗಳು ಬೇರೆ. ‘ಎಲ್ಲರಿಗಿಂತ’, ‘ಎಲ್ಲಕ್ಕಿಂತ’ ಎಂಬಲ್ಲಿ ಮನುಷ್ಯ–ಮನುಷ್ಯೇತರ ಭೇದವೂ ಉಳಿಯುತ್ತದೆ. ಸಪ್ತಮಿಯೊಡನೆ ಅವಧಾರಣೆಯ ‘ಏ’ ಬಂದರೆ ‘ಇವರಲ್ಲಿ ಇವಳೇ ಚುರುಕು’. ಇಬ್ಬರಿದ್ದರೂ ಇದೇ ವಾಕ್ಯ, ಇಪ್ಪತ್ತು ಮಂದಿಯಿದ್ದರೂ ಇದೇ ವಾಕ್ಯ; ಇಬ್ಬರಿಗೆ ಒಂದು, ಹಲವರಿಗೆ ಒಂದು ಎಂಬ ಪಾಣಿನೀಯ ವಿಭಾಗ ಕನ್ನಡಕ್ಕೆ ಬೇಕಿಲ್ಲ. ಗುಣವಾಚಕದ ಸ್ಥಾನಮಾನವೂ ಇಲ್ಲಿ ಅಡ್ಡ ಬರುತ್ತದೆ. ‘ಅವನು ನನಗಿಂತ ಎತ್ತರ’ ಸರಿ, ‘ಅವನು ನನಗಿಂತ ದೊಡ್ಡ’ ಸರಿಯಲ್ಲ, ‘ದೊಡ್ಡವನು’ ಆಗಬೇಕು. ‘ಎತ್ತರ’ ನಾಮಪದ, ‘ದೊಡ್ಡ’ ಅಲ್ಲ. ಡಿ. ಎನ್. ಶಂಕರ ಭಟ್ಟರು 1994ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಗುಣವಾಚಕವೆಂಬ ವರ್ಗವನ್ನು ಭಾಷೆಭಾಷೆಗೂ ಪ್ರತ್ಯೇಕವಾಗಿ ಗುರುತಿಸಬೇಕಾದ ಬಗೆಯನ್ನು ಚರ್ಚಿಸಿದರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಸಂಸ್ಕೃತದ ಅಚ್ಚಿನ ವಿರುದ್ಧ ವಾದಿಸಿತು. ನಮಗೆ ಆ ವಾದದ ದಿಕ್ಕು ಒಪ್ಪಿಗೆ. ಆದರೆ ಹೋಲಿಕೆಯ ವಿಚಾರದಲ್ಲಿ ಸಂಸ್ಕೃತ ವೈಯಾಕರಣರ ನಿರ್ಧಾರಣದ ಪರಿಕಲ್ಪನೆಯನ್ನು ಕೈಬಿಡುವುದರಿಂದ ನಷ್ಟ ಕನ್ನಡಕ್ಕೇ.

ಈ ಚರಿತ್ರೆಗೆ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದ ಇನ್ನೊಂದು ತಿರುವು ಬಂದಿದೆ. ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯವಾದ ಮೇಲೆ ತಲಘಟ್ಟಪುರದಂಥ ಕಡೆ ಹೊಸ ವಸತಿ ಸಮುಚ್ಚಯಗಳ ತಮಿಳು, ತೆಲುಗು, ಹಿಂದಿ ಮನೆಮಾತಿನ ಮಕ್ಕಳು ಕನ್ನಡ ತರಗತಿಯಲ್ಲಿ ಕೂತಿದ್ದಾರೆ. ಹಾಡ್ಸನ್ನರ ಓದುಗನ ಪ್ರಶ್ನೆ ಮತ್ತೆ ಎದುರಾಗಿದೆ, ಕೇಳುವವರ ವಯಸ್ಸು ಮಾತ್ರ ಏಳೆಂಟು. ಇಂಥ ಮಗುವಿಗೆ ಮನೆಮಾತಿನ ರಚನೆಯೇ ಮೊದಲ ಆಸರೆ. ತೆಲುಗಿನ ಮಗುವಿಗೆ ‘ಕಂಟೆ’ಯಿಂದ ‘ಕ್ಕಿಂತ’ಕ್ಕೆ ದಾರಿ ಹತ್ತಿರ. ಹಿಂದಿಯ ಮಗು ‘ಸೇ’ಯನ್ನು ‘ಇಂದ’ವಾಗಿಸಿ ‘ಅದರಿಂದ ದೊಡ್ಡದು’ ಎಂದರೆ ಶಿಕ್ಷಕರು ತಪ್ಪೆಂದು ಗುರುತು ಹಾಕುತ್ತಾರೆ. ಇಂದಿನ ಬಳಕೆಗೆ ಅದು ತಪ್ಪೇ, ಆದರೆ ಅರಿಯದೆ ಆ ಮಗು ಹಳಗನ್ನಡದ ರಚನೆಗೆ ಮುಟ್ಟಿದೆ. ತಮಿಳಿನ ಮಗುವಿನ ತೊಡಕು ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ತಮಿಳಿನಲ್ಲಿ ಹೋಲಿಕೆಯ ಗುರುತು ‘ವಿಡ’, ‘ಬಿಡು’ ಎಂಬರ್ಥದ ಧಾತುವಿನದು, ಆಧಾರ ದ್ವಿತೀಯೆಯಲ್ಲಿರುತ್ತದೆ. ಅದನ್ನೇ ಕನ್ನಡಕ್ಕೆ ತಂದು ‘ಅವನನ್ನು ಬಿಟ್ಟರೆ ಇವನೇ ಎತ್ತರ’ ಎಂದರೆ ವಾಕ್ಯ ವ್ಯಾಕರಣಬದ್ಧವಾಗಿಯೇ ಇರುತ್ತದೆ, ಶಿಕ್ಷಕರ ಕಿವಿಗೆ ಎಲ್ಲಿಯೂ ತಟ್ಟುವುದಿಲ್ಲ. ಆದರೆ ಅದರ ಅರ್ಥ ಮೊದಲ ಸ್ಥಾನ ಅವನದು, ಎರಡನೆಯದು ಇವನದು ಎಂದು. ಮಗು ಹೇಳಹೊರಟದ್ದಕ್ಕೆ ನೇರ ವಿರುದ್ಧ. ಇಂಥದ್ದನ್ನು ಹಿಡಿಯಲು ಶಿಕ್ಷಕರ ಕೈಯಲ್ಲಿ ಇರಬೇಕಾದದ್ದು ಮೂರು ಮನೆಗಳ ಪಟ್ಟಿಯಲ್ಲ, ‘ಯಾವುದಕ್ಕಿಂತ?’ ಎಂಬ ಪ್ರಶ್ನೆ ಮತ್ತು ಎದುರಿಗೆ ನಿಂತ ಎರಡು ಕೋಲುಗಳು.